ಹಣಮಪ್ಪನ ಗುಡಿಯ ತಿರುವು

ಸುರಪುರ, ಬುಧವಾರ

ಕಾಕಾ, ನಿಮ್ಮ ಮಲ್ಲೇಶ್ವರಿಯ ನಮಸ್ಕಾರ. ಪೊಲೀಸ್ ತರಬೇತಿಗೆ ಬಂದವರ ಫೋನುಗಳನ್ನೆಲ್ಲ ತೆಗೆದಿಟ್ಟುಕೊಂಡಿದ್ದಾರೆ, ಅದಕ್ಕೇ ಈ ಕಾರ್ಡು.

ಇಲ್ಲಿ ಜೀಪು ಕಲಿಸುವ ಸಂಗಣ್ಣ ಉಸ್ತಾದರ ಮೇಲೆ ನನಗೆ ಮೊದಲ ದಿನದಿಂದಲೂ ಅನುಮಾನ. ಪಕ್ಕದಲ್ಲಿ ಕುಳಿತು ಅವರು ರಸ್ತೆಯನ್ನು ನೋಡುವುದೇ ಇಲ್ಲ, ನನ್ನ ಕಣ್ಣನ್ನೇ ನೋಡುತ್ತಾರೆ. ನನ್ನನ್ನು ಫೇಲು ಮಾಡಲು ನೆಪ ಹುಡುಕುತ್ತಿದ್ದಾರೆ ಅಂದುಕೊಂಡಿದ್ದೆ. ಇವತ್ತು ಹಣಮಪ್ಪನ ಗುಡಿಯ ತಿರುವು ದಾಟುತ್ತಲೇ ಜೀಪು ನಿಲ್ಲಿಸಲು ಹೇಳಿದರು.

“ಎರಡೂ ಕೈ ಬಿಟ್ಟು, ಕಣ್ಣ ಮುಚ್ಚಿ ಕೈ ಮುಗದಿ. ಆವಾಗ ಗಾಡಿ ಯಾರು ಹೊಡ್ಯಾಕತ್ತಿದ್ರು?”

“ನಾ ಹಂಗ ಮಾಡಿಲ್ರಿ. ಮಾಡಿದ್ರೂ ಹಣಮಪ್ಪ ನೋಡ್ಕೋತಾನ್ರಿ.”

“ಅವ ನಿನಗ ಲೈಸೆನ್ಸ್ ತೋರ್ಸ್ಯಾನೇನು?”

ಸುಳ್ಳು ಹೇಳುತ್ತಿದ್ದಾರೆ ಎಂದೇ ತಿಳಿದೆ. ಆಗ ಅವರು ತಮ್ಮ ಮೊಬೈಲಿನಲ್ಲಿ ತೆಗೆದಿದ್ದ ವಿಡಿಯೊ ತೋರಿಸಿದರು. ಎದುರಿಗೆ ಹತ್ತಿ ತುಂಬಿದ ಲಾರಿ ಬರುತ್ತಿದೆ, ನಾನು ಕಣ್ಣು ಮುಚ್ಚಿಕೊಂಡಿದ್ದೇನೆ.

ಕಾಕಾ, ನಾನು ಗಾಡಿ ಕಲಿತದ್ದು ನಿಮ್ಮ ಮೂರು ಗಾಲಿಯ ಟಂಟಂನಲ್ಲಿ. ಈಗ ನನ್ನ ಅನುಮಾನ ಉಸ್ತಾದರನ್ನು ಬಿಟ್ಟು ನಿಮ್ಮ ಮೇಲೆ ಬಂದಿದೆ. ನಮ್ಮೂರು ಬಳಿಚಕ್ರದ ಗುಡಿಯ ಮುಂದೆ, ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುವಾಗ, ನಿಮ್ಮ ಕೈಗಳು ಎಲ್ಲಿರುತ್ತವೆ? ಹ್ಯಾಂಡಲ್ ಮೇಲೇ ಎನ್ನಬೇಡಿ. ನಾನೂ ಹಾಗೇ ಹೇಳಿದ್ದೆ.

ನನ್ನ ನೆಗಡಿ ಹೋಗಿದೆ ಎಂದು ಅವ್ವನಿಗೆ ತಿಳಿಸಿ. ಭಾನುವಾರ ಬಿಡುವು ಕೊಟ್ಟಿದ್ದಾರೆ, ಊರಿಗೆ ಬರುತ್ತೇನೆ. ನಿಮ್ಮ ಟಂಟಂನಲ್ಲಿ ನಿಮ್ಮ ಪಕ್ಕದಲ್ಲೇ ಕೂರುತ್ತೇನೆ. ರಸ್ತೆಯನ್ನು ಮಾತ್ರ ನೋಡುವುದಿಲ್ಲ.

ಮಲ್ಲೇಶ್ವರಿ