ಸಿಂಗಲ್ ಬೆಲ್

ಜುಲೈ 8, ಸಂಜೆ 7.05

ಎರಡು ರಿಂಗ್. ಕಟ್. ಸಪನಾ ಕ್ಷೇಮ.

ಇಪ್ಪತ್ತೊಂಬತ್ತು ವರ್ಷ ಕಂಡಕ್ಟರ್ ಆಗಿದ್ದವನ ಮನೆಯ ಪದ್ಧತಿ ಇದು. ಬಸ್ಸಿನಲ್ಲಿ ಒಂದು ಬೆಲ್ ಅಂದರೆ ನಿಲ್ಲಿಸು, ಎರಡು ಅಂದರೆ ರೈಟ್. ಮಗಳು ಚಿಕ್ಕೋಡಿಯಲ್ಲಿ ಐಟಿಐ ಹಾಸ್ಟೆಲ್ ಸೇರಿದಾಗ ಇದನ್ನೇ ಫೋನಿಗೂ ರೂಲು ಮಾಡಿದೆ. ಎರಡು ರಿಂಗ್ ಕೊಟ್ಟು ಕಟ್ ಮಾಡಿದರೆ ಎಲ್ಲ ಸರಿ, ಎತ್ತಬೇಕಿಲ್ಲ. ಒಂದೇ ರಿಂಗ್ ಬಂತೋ, ಏನೋ ತೊಂದರೆ. ಈಗ ರತ್ನಾಗಿರಿ ಬಂದರಿನಲ್ಲಿ ಮೀನಿನ ಬೋಟುಗಳ ಎಂಜಿನ್ ರಿಪೇರಿ ಮಾಡುತ್ತಾಳೆ. ರೂಲು ಮಾತ್ರ ಅದೇ.

ತನ್ನ ತಾಯಿ ಸೀತವ್ವನ ಫೋನಿಗೆ ಮಾಡಿದರೆ ಕುಕ್ಕರ್ ನಾಲ್ಕು ಸೀಟಿ ಹೊಡೆದರೂ ಮಾತು ಮುಗಿಯದು. ಮಗ ಲಖನ ಮುಗಳಖೋಡದಿಂದ ದಿನಾ ಹತ್ತು ಫೋಟೋ ಕಳಿಸುತ್ತಾನೆ — ಉಂಡದ್ದು, ತಿಂದದ್ದು. ಸಪನಾಳಿಂದ ನನಗೆ ಎರಡು ರಿಂಗ್. ಎಂಟು ತಿಂಗಳಿಂದ ಅಷ್ಟೇ.

ಜುಲೈ 11

7.02ಕ್ಕೆ ಎರಡು ರಿಂಗ್.

ತಪ್ಪು ನನ್ನದೇ. ಇಲ್ಲಿ ಬರೆಯಬಹುದು, ಯಾರು ಓದುತ್ತಾರೆ. ದೀಪಾವಳಿಗೆ ಬಂದಿದ್ದಳು. ಮನೆ ತುಂಬ ನೆಂಟರು. ಉಗುರು ಸಂದಿಯ ಗ್ರೀಸ್ ನೋಡಿ ಎಲ್ಲರೆದುರು ಅಂದುಬಿಟ್ಟೆ, “ಈ ಎಣ್ಣಿ ಕೈ ಹುಡಗೀನ ಯಾರ ಮನಿಗೆ ಕೊಡೂದು?” ಚಿಕ್ಕವಳಿದ್ದಾಗ ಡಿಪೋಗೆ ಕರೆದುಕೊಂಡು ಹೋಗಿ ಕೈಗೆ ನಟ್ಟು ಬಿಚ್ಚುವ ಪಾನಾ ಕೊಟ್ಟವನೂ ನಾನೇ. ಊಟ ಬಿಟ್ಟು ಎದ್ದಳು. ಮರುದಿನ ಬಸ್ಸು ಹತ್ತಿದಳು.

ನಾನಾಗಿ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಜಂಬ… ಇನ್ನೇನು.

ಜುಲೈ 18, 7.10

ಒಂದೇ ರಿಂಗ್.

7.15

ಎರಡನೆಯದು ಬರಲಿಲ್ಲ. ತಿರುಗಿ ಮಾಡಿದೆ. ಸ್ವಿಚ್ ಆಫ್. ಸೀತವ್ವ ಮಾಡಿದಳು. ಅದೇ.

7.50

ಸೀತವ್ವ ಅನ್ನುತ್ತಾಳೆ, “ಮಳ್ಯಾಗ ನೆಟ್‌ವರ್ಕ್ ಹೋಗಿರಬೇಕ್ರಿ. ಮುಂಜಾನೆ ಅಕೀನ ಮಾಡ್ತಾಳ, ಸುಮ್ನ ಕುಂಡ್ರಿ.” ಕೂರುವುದು ಹೇಗೆ. ಸಿಂಗಲ್ ಬೆಲ್ ಬಿದ್ದ ಮೇಲೆ ಗಾಡಿ ಮುಂದೆ ಬಿಟ್ಟವನಲ್ಲ ನಾನು. ಅವಳೂ ಕಡೆಗೆ ಎದ್ದು ಕಡಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟತೊಡಗಿದಳು.

ಜುಲೈ 19, ಬೆಳಿಗ್ಗೆ 6.40, ಬಸ್ಸಿನಲ್ಲಿ

ನಿಪ್ಪಾಣಿಯಿಂದ ಮೊದಲ ಗಾಡಿ. ಕೊಗನೊಳ್ಳಿ ದಾಟಿತು. ಅಕ್ಷರ ಕುಣಿಯುತ್ತಿವೆ. ಕೊಲ್ಹಾಪುರದಲ್ಲಿ ಬಸ್ಸು ಬದಲಿಸಬೇಕು. ಈ ಕಂಡಕ್ಟರ್ ಬೆಲ್ ಮುಟ್ಟುವುದೇ ಇಲ್ಲ, ಬಾಯಲ್ಲೇ ರೈಟ್ ಅನ್ನುತ್ತಾನೆ. ಬೇರೆ ದಿನವಾಗಿದ್ದರೆ ಬುದ್ಧಿ ಹೇಳುತ್ತಿದ್ದೆ.

ಫೋನ್ ಇನ್ನೂ ಸ್ವಿಚ್ ಆಫ್.

ಜುಲೈ 19, ಸಂಜೆ 6, ಸಪನಾಳ ರೂಮು

ಎಲ್ಲ ಬರೆಯಬೇಕು. ಒಂದೂ ಬಿಡಬಾರದು.

ಬಂದರಿಗೆ ಹೋದಾಗ ಒಂದೂವರೆ. ಮಳೆ ಅಂದರೆ ಮಳೆ. ಮಳೆಗಾಲಕ್ಕೆ ಮೀನುಗಾರಿಕೆ ಬಂದ್, ನೂರಾರು ಬೋಟು ಒಂದಕ್ಕೊಂದು ಕಟ್ಟಿ ನಿಲ್ಲಿಸಿದ್ದಾರೆ — ಥೇಟ್ ನಮ್ಮ ಡಿಪೋ. ಬಲೆ ಹೊಲಿಯುತ್ತಿದ್ದ ಮುದುಕಿಯನ್ನು ಮರಾಠಿಯಲ್ಲಿ ಕೇಳಿದೆ. “ಸಪನಾ ಮಿಸ್ತ್ರಿ?” ಅಂದು ನೀಲಿ ಬೋಟು ತೋರಿಸಿದಳು. ಮಿಸ್ತ್ರಿ, ಅಂದರೆ ಮೆಕ್ಯಾನಿಕ್. ನನ್ನ ಮಗಳು.

ಬೋಟಿನ ಹೊಟ್ಟೆಯೊಳಗಿಂದ ತಲೆ ಹೊರಗೆ ಬಂತು. ಮುಖವೆಲ್ಲ ಮಸಿ.

“ಅಪ್ಪಾ? ಅವ್ವ ಆರಾಮ ಅದಾಳಿಲ್ಲೊ?”

“ಅಕಿ ಆರಾಮ. ನಿನಗೇನಾಗೇತಿ? ನಿನ್ನೆ ಸಿಂಗಲ್ ಬೆಲ್ ಹೊಡದಿ.”

“ನನಗೇನಾಗೇತಿ. ಒಂದ ರಿಂಗ್ ಆಗೂದ್ರಾಗ ಫೋನ್ ಕೈಜಾರಿ ನೀರಿಗೆ ಬಿತ್ತು. ಅಷ್ಟಕ್ಕ ಇಲ್ಲೀಮಟಾ ಬಂದ್ಯಾ?”

ಅಲ್ಲೇ ಹಗ್ಗದ ಸಿಂಬಿಯ ಮೇಲೆ ಕೂತೆ. ನಗು ಬಂತು. ಅವಳು ನಗಲಿಲ್ಲ. ಏಣಿ ಹತ್ತಿ ಬಂದಳು, ಕೊಡೆ ಬಿಚ್ಚಿದಳು. ಬೋಟು ಕಟ್ಟುವ ಧಕ್ಕೆಯ ತುದಿಯವರೆಗೂ ನಡೆದೆವು. ಕೊಡೆ ಇದ್ದೂ ಇಬ್ಬರೂ ತೋಯ್ದೆವು. ಸಮುದ್ರವನ್ನು ಇಷ್ಟು ಹತ್ತಿರ ನೋಡಿದ್ದು ಇದೇ ಮೊದಲು, ಆದರೆ ನೋಡಿದ್ದೆಲ್ಲ ಮಗಳನ್ನೇ. ತುದಿಗೆ ಬಂದ ಮೇಲೆ ಕೇಳಿದಳು.

“ಎಂಟ ತಿಂಗಳಾ ದಿನಾ ಫೋನ್ ಮಾಡೀನಿ. ಒಂದ ದಿನಾನೂ ಯಾಕ ಎತ್ತಲಿಲ್ಲ?”

“ಎರಡ ರಿಂಗ್ ಅಂದ್ರ ರೈಟ್. ಎತ್ತೂ ಹಂಗಿಲ್ಲಲಾ ಬೇ.”

“ಹಾಸ್ಟೆಲ್‌ದಾಗ ಇದ್ದಾಗ ಹಾಕಿದ ರೂಲ್ ಅದು. ಇವತ್ತರ ಎತ್ತತಾನ, ಇವತ್ತರ ಎತ್ತತಾನ ಅಂತ ಎರಡ ರಿಂಗ್ ಕಾಯ್ತಿದ್ದೆ. ಮೂರನೇದಕ್ಕ ಧೈರ್ಯ ಆಗತಿರಲಿಲ್ಲ.”

ಎಂಟು ತಿಂಗಳು ಕೈಯಲ್ಲಿ ಫೋನ್ ಹಿಡಿದು, ರಿಂಗ್ ಎಣಿಸಿ, ಸಮಾಧಾನ ಪಟ್ಟುಕೊಂಡ ಮೂರ್ಖ ನಾನು. ಆದರೆ ಸಂತೋಷ — ಬರೆಯಲೇಬೇಕು — ಕುಣಿಯುವಷ್ಟು ಸಂತೋಷ. ಮಗಳು ನನ್ನನ್ನು ಬಿಟ್ಟಿರಲಿಲ್ಲ.

ಆಗಲೇ ಕ್ಷಮೆ ಕೇಳಬೇಕಿತ್ತು. “ಅವತ್ತು ನಾ ಅಂದದ್ದು…” ಅಷ್ಟೇ ಬಂತು. ಅವಳು ಕೊಡೆಯನ್ನು ನನ್ನ ಕಡೆ ವಾಲಿಸಿದಳು. ಆಮೇಲೆ, “ನಡಿ, ಟ್ರಯಲ್ ಐತಿ,” ಅಂದಳು.

ನೀಲಿ ಬೋಟಿನ ಎಂಜಿನ್ ಒಂದು ವಾರದಿಂದ ಮುಷ್ಕರ ಹೂಡಿತ್ತಂತೆ. ಮಾಲೀಕ ಮೇಲೆ ಕೈಕಟ್ಟಿ ನಿಂತಿದ್ದ. ಒಳಗಿಂದ ಸಪನಾಳ ದನಿ ಬಂತು, “ಅಪ್ಪಾ, ನೀ ರೈಟ್ ಹೇಳು.” ಬಸ್ಸಿನ ತಗಡಿಗೆ ಬಡಿಯುವಂತೆ ಬೋಟಿಗೆ ಎರಡು ಬಡಿದೆ. ಗುಡುಗುಡು ಅಂದಿತು, ಹೊಗೆ ಉಗುಳಿತು, ಶುರುವಾಯಿತು. ಮಾಲೀಕ ಕೆಳಗಿಳಿದು ಮೊದಲು ಅವಳಿಗೆ ಕೈಮುಗಿದ. ಮಗಳ ಆ ಎಣ್ಣೆ ಕೈ ಹಿಡಿದು ಮೇಲೆ ಎಳೆದುಕೊಂಡೆ. ನನ್ನ ಬಿಳಿ ಅಂಗಿಗೆ ಐದೂ ಬೆರಳಿನ ಗುರುತು. ಇರಲಿ.

ಈಗ ಚಹಾ ಮಾಡುತ್ತಿದ್ದಾಳೆ. ರೊಟ್ಟಿ ಮೆತ್ತಗಾಗಿವೆ. ಆದರೂ ಮೂರು ತಿಂದಳು.

ಜುಲೈ 21

ಮನೆ. ಅಂಗಿ ಒಗೆಯಲು ಸೀತವ್ವನಿಗೆ ಕೊಟ್ಟಿಲ್ಲ. ರತ್ನಾಗಿರಿ ಬಸ್ ಸ್ಟ್ಯಾಂಡಿನಲ್ಲೂ ಆ ಕ್ಷಮೆಯ ಮಾತು ಆಡಲಾಗಲಿಲ್ಲ. “ಗುರುವಾರ ಹೊಸ ಫೋನ್ ಬರತೈತಿ, ಏಳಕ್ಕ ಮಾಡ್ತೀನಿ,” ಅಂದಿದ್ದಾಳೆ. “ಈ ಸಲ ನೀ ಎತ್ತಲಿಲ್ಲಂದ್ರ ನಾ ಮತ್ತ ಮಾಡೂದಿಲ್ಲ ನೋಡು.” ನಗುತ್ತಲೇ ಅಂದಳು. ಕಣ್ಣು ನಗುತ್ತಿರಲಿಲ್ಲ.

ಜುಲೈ 24, ಗುರುವಾರ, 6.40

ಫೋನ್ ಫುಲ್ ಚಾರ್ಜ್. ಸೌಂಡ್ ಫುಲ್. ಟಿವಿ ಬಂದ್. ಸೀತವ್ವ ಮುಸಿಮುಸಿ ನಗುತ್ತಾಳೆ.

6.58

ಮೊದಲು ಹೇಳಬೇಕಾದ ಮಾತು ಬರೆದಿಟ್ಟುಕೊಳ್ಳುತ್ತೇನೆ, ಮತ್ತೆ ಮಾತು ಅರ್ಧಕ್ಕೆ ನಿಂತರೆ ಓದಿಯಾದರೂ ಹೇಳಬಹುದು. ಯವ್ವಾ ಸಪನಾ, ಅವತ್ತು ನೆಂಟರ ಮುಂದ ನಿನ್ನ ಕೈಗೆ ಅಂದದ್ದು ನಂದು ತಪ್ಪು. ನಿನ್ನ ಕೈ ನೋಡಿ ನನಗ

ಒಂದನೇ ರಿಂಗ್. ಎರಡನೆಯದಕ್ಕೆ ಕಾಯುವುದಿಲ್ಲ, ಎತ್ತು