ಆಚೆ ದಡದ ಹತ್ತು ನಲವತ್ತು

ಮಾರ್ಚ್ 4, ಮಂಗಳವಾರ

...ಕಿವಿ ಅದೇ, ಸ್ಟೆತಸ್ಕೋಪ್ ಅದೇ, ಸೇತುವೆ ದಾಟಿದರೆ ಕೇಳಿಸಿದ್ದನ್ನು ಹೇಳುವ ಹಾಗಿಲ್ಲ — ಹೀಗೇನೋ ಅಂದಿದ್ದಳು ಟ್ರೂಡಿ, ನನ್ನ ಸೂಪರ್‌ವೈಸರ್. ಅಥವಾ ನಾನೇ ಕಟ್ಟಿಕೊಂಡ ಮಾತೋ.

ಇಪ್ಪತ್ತೆರಡು ವರ್ಷ ನದಿಯ ಈಚೆಯೇ, ಸಾಯುವವರ ಮನೆಗಳಿಗೆ ಹೋಗುವ ನರ್ಸ್. ನಮ್ಮ ರಾಜ್ಯದಲ್ಲಿ ಸಾವನ್ನು ಘೋಷಿಸುವ ಅಧಿಕಾರ ನನಗುಂಟು. ಆಚೆಯ ರಾಜ್ಯದಲ್ಲಿಲ್ಲ. ಲೈಸೆನ್ಸ್ ಎರಡೂ ಕಡೆ ನಡೆಯುತ್ತದೆ, ಅಧಿಕಾರ ಮಾತ್ರ ಸೇತುವೆಯ ತನಕ. ಜನವರಿಯಿಂದ ಎರಡೂ ದಡ ನನ್ನ ಪಾಲಿಗೆ.

ಇಂದು ಆಚೆ. ವರ್ಲಿನ್, ಒಂದು ಕಾಲಕ್ಕೆ ಕಲ್ಲಿದ್ದಲು ಸಾಗಿಸುವ ದೋಣಿ ನಡೆಸುತ್ತಿದ್ದವರು. ಉಸಿರು ಬಿಟ್ಟು ಬಿಟ್ಟು ಬರುತ್ತಿದೆ. ಹೆಂಡತಿ ಒಡೆಟ್ಟಾ ಜೋಳದ ಬ್ರೆಡ್ ಮುಂದಿಟ್ಟರು. "ತಿನ್ನು. ಅವರು ಹೊರಟ್ರೆ ನೀನ್ಯಾಕೆ ಉಪವಾಸ?"

ಮಾರ್ಚ್ 6, ಮಧ್ಯಾಹ್ನ 3

ವರ್ಲಿನ್ ಹೋದರು. ಒಂದು ನಿಮಿಷ ಪೂರ್ತಿ ಆಲಿಸಿದೆ.

"ಹೋದ್ರಾ?" ಅಂದರು ಒಡೆಟ್ಟಾ.

ವಾಚು ನೋಡಿದೆ. "ಹೋದರು. ಹತ್ತು ನಲವತ್ತು." ಅಭ್ಯಾಸ. ಅವರು ಎದ್ದು ಗೋಡೆ ಗಡಿಯಾರದ ಲೋಲಕ ಹಿಡಿದು ನಿಲ್ಲಿಸಿದರು. ಈ ಗುಡ್ಡಗಳಲ್ಲಿ ಸಾವಿನ ಮನೆಯಲ್ಲಿ ಹಾಗೆ ನಿಲ್ಲಿಸುತ್ತಾರೆ. ಆಗ ನೆನಪಾಯಿತು, ಯಾವ ದಡದಲ್ಲಿದ್ದೇನೆ ಅಂತ.

ಸಾವು ಬರೆದುಕೊಳ್ಳುವ ಕೌಂಟಿ ಅಧಿಕಾರಿ ಬಂದದ್ದು ಒಂದೂಕಾಲಿಗೆ. ಕತ್ತು ಮುಟ್ಟಿ ನೋಡಿದ. ಬರೆದ: ಒಂದು ಹದಿನೈದು. ಆಮೇಲೆ ಗಡಿಯಾರ ಕಂಡಿತು.

"ಇದು ಯಾರು ಹೇಳಿದ ಟೈಮು?"

"ಈ ಹುಡುಗಿ!" ಒಡೆಟ್ಟಾಗೆ ಹೆಮ್ಮೆ.

ನನಗೆ ಐವತ್ತಮೂರು.

ಮಾರ್ಚ್ 27

ಆಚೆ ರಾಜ್ಯದ ನರ್ಸಿಂಗ್ ಮಂಡಳಿಯ ಪತ್ರ. ವ್ಯಾಪ್ತಿ ಮೀರಿದ ಕೆಲಸ. ಏಪ್ರಿಲ್ 11ಕ್ಕೆ ವಿಚಾರಣೆ.

ಟ್ರೂಡಿ ಫೋನಿನಲ್ಲಿ: "ಉಸಿರು ಕಾಣ್ಲಿಲ್ಲ ಅಂತ ಮಾತ್ರ ಹೇಳ್ದೆ ಅನ್ನು. ಹೋದರು ಅನ್ಲೇ ಇಲ್ಲ ಅನ್ನು."

"ಹಾಗಾದರೆ ಎರಡೂವರೆ ಗಂಟೆ ಅವರು ಏನಾಗಿದ್ದರು?"

"ವಿಲ್ಡಾ, ಲೈಸೆನ್ಸ್ ಅಲ್ಲಿ ಹೋದ್ರೆ ಇಲ್ಲೂ ಹೋದ ಹಾಗೆ. ಮೊದ್ಲು ಅದನ್ನ ಉಳಿಸ್ಕೋ, ತತ್ವಶಾಸ್ತ್ರ ಆಮೇಲೆ."

ಪತ್ರ ಮೂರು ಸಲ ಓದಿದೆ. ಮಂಡಳಿಯವರು ಹೇಳುವುದು ತಪ್ಪಲ್ಲ. ನಾನು ಕೇಳಿಸಿಕೊಂಡದ್ದೂ ತಪ್ಪಲ್ಲ. ಎರಡೂ ಒಂದೇ ಕೋಣೆಯಲ್ಲಿ ಹೇಗೆ...

ಏಪ್ರಿಲ್ 9

ಒಡೆಟ್ಟಾ ಮನೆ. ಗಡಿಯಾರ ಇನ್ನೂ ನಿಂತೇ ಇದೆ. ಹೂಳಿದ ಮೇಲೆ ಮತ್ತೆ ನಡೆಸುವುದು ರೂಢಿ. ಇವರು ನಡೆಸಿಲ್ಲ.

"ಮುಳ್ಳು ತಿರುಗಿಸಿ ಒಂದೂಕಾಲಿಗೆ ಇಡ್ಲಾ ಮಗಳೇ? ಮಂಡಳಿಯೋರು ಬಂದ್ರೆ ಹೀಗೇ ಇತ್ತು ಅಂತೀನಿ. ಆ ಅಧಿಕಾರಿ ಕನ್ನಡಕ ಮರೆತು ಬಂದಿದ್ದ ಅಂತೀನಿ."

ಕುರ್ಚಿ ಎಳೆದುಕೊಂಡು ಹತ್ತಿಯೇಬಿಟ್ಟರು. ಬೆರಳು ಮುಳ್ಳಿನ ಮೇಲೆ. ನಾನು ಸುಮ್ಮನಿದ್ದೆ — ಅದನ್ನೂ ಬರೆಯಬೇಕು. ಬೇಡ ಅನ್ನಲಿಲ್ಲ.

ಅವರೇ ಕೈ ತಡೆದರು. "ನೀನು ಹೇಳಿದ್ಮೇಲೇ ನಾನು ಅವರ ಕೈ ಬಿಟ್ಟಿದ್ದು. ಒಂದೂಕಾಲು ಅಂತಾದ್ರೆ... ಮೊದ್ಲೇ ಬಿಟ್ಟ ಹಾಗಾಯ್ತಲ್ಲ?"

"ಇಳಿಯಿರಿ" ಅಂದೆ. "ಮುಟ್ಟಬೇಡಿ."

ಏಪ್ರಿಲ್ 11, ಬೆಳಿಗ್ಗೆ 9:50

ಮಂಡಳಿಯ ಕಚೇರಿ, ಹೊರಗಿನ ಬೆಂಚು. ಫಾರಂ ಕೊಟ್ಟಿದ್ದಾರೆ. ಸಾವನ್ನು ಘೋಷಿಸಿದಿರಾ? ಹೌದು, ಇಲ್ಲ. 'ಹೌದು'ಗೆ ಗುರುತು ಹಾಕಿದೆ. ಪೆನ್ನು ಎತ್ತಿದ ಮೇಲೆ ಕಿವಿಯ ಮೇಲೇ ಅನುಮಾನ: ಆ ಒಂದು ನಿಮಿಷ ನಿಜಕ್ಕೂ ಏನೂ ಕೇಳಿಸಲಿಲ್ಲವೇ? ಒಳಗಿನಿಂದ ನನ್ನ ಹೆಸರು ಕರೆಯುತ್ತಿದ್ದಾರೆ.

ವರ್ಲಿನ್, ನಾನು ಸಮಯ ಹೇಳುವಾಗ ನೀವು ಅಲ್ಲಿರಲಿಲ್ಲ, ಅಲ್ಲವೇ?