ಹಿಗ್ಗಿದ್ದು ಸಂತೋಷಕ್ಕಲ್ಲ

ಹಳದೀಪುರ
೬ ಡಿಸೆಂಬರ್ ೨೦೨೪

ಅಂಕಿತಾಳ ಅಪ್ಪನಿಗೆ,

ಪತ್ರವನ್ನು ಕ್ಷೇಮ ಎಂದು ಶುರು ಮಾಡುವುದು ರೂಢಿ. ನಾನು ಕ್ಷೇಮವಾಗಿಲ್ಲ, ಹಾಗಾಗಿ ಆ ಸಾಲು ಬಿಟ್ಟಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ, ನನ್ನ ನಂಬರನ್ನು ಬ್ಲಾಕ್ ಮಾಡಿದವರು ನೀವೇ. ಜಾಲಿ ಊರಿನ ನಿಮ್ಮ ಬಾಡಿಗೆ ಕೋಣೆಗೆ ಬರುವ ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲ, ಪುಣ್ಯ.

ಮೊದಲು ಒಂದು ಶಬ್ದದ ಜಗಳ ಮುಗಿಸೋಣ. ಹೋದ ವಾರ ನಿಮ್ಮ ತಂಗಿ ಕುಸುಮಾ ಕುಮಟಾದಿಂದ ನಿಮಗೆ ಫೋನ್ ಮಾಡಿ, ಸುಮತಿಯ ಹೃದಯ ಹಿಗ್ಗಿದೆಯಂತೆ ಎಂದಳು. ನೀವು ಕೆಲಸ ಮಾಡುವ ಐಸ್ ಫ್ಯಾಕ್ಟರಿಯ ಗದ್ದಲದಲ್ಲಿ ನಿಮಗೆ ಕೇಳಿಸಿದ್ದೇ ಅಷ್ಟೋ, ಬೇಕಾಗಿದ್ದೇ ಅಷ್ಟೋ. "ಹಿಗ್ಗದೆ ಎಂತ ಮಾಡ್ತದೆ? ನಾ ಮನೆ ಬಿಟ್ಟದ್ದೇ ಅದಕ್ಕೆ ಹಬ್ಬ" ಎಂದು ಫೋನ್ ಇಟ್ಟಿರಂತೆ. ಕುಸುಮಾ ಅಳುತ್ತ ಹೇಳಿದಳು. ನನಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಅಲ್ಲ ಮಾರಾಯರೇ, ಅದು ಡಾಕ್ಟರರ ಮಾತು! ನನ್ನ ಹೃದಯದ ಸ್ನಾಯು ಸಡಿಲಾಗಿ ಹೃದಯ ದೊಡ್ಡದಾಗಿದೆ. ರಕ್ತ ತಳ್ಳುವ ಶಕ್ತಿ ಅದಕ್ಕೆ ಉಳಿದಿಲ್ಲ. ಸಂತೋಷಕ್ಕೆ ಹಿಗ್ಗಿದ್ದಲ್ಲ ಅದು.

ಈ ಶಬ್ದದ ಫಜೀತಿ ನನಗೆ ಹೊಸದೇನಲ್ಲ. ಶಾಲೆಯಲ್ಲಿ ಬೋರ್ಡಿನ ಮೇಲೆ 'ವಿಶ್ವ ಹಿಗ್ಗುತ್ತಿದೆ' ಎಂದು ಬರೆದ ದಿನ ಹಿಂದಿನ ಬೆಂಚಿನ ಮಂಜಿ ಎದ್ದು ನಿಂತು, "ಎಂತಕ್ಕೆ ಟೀಚರ್? ಎಂತ ಸಿಕ್ತು ಅದಕ್ಕೆ?" ಎಂದು ಕೇಳಿದಳು. ಕ್ಲಾಸೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ. ನಾನು ಎಚ್ಚರ ತಪ್ಪಿ ಬಿದ್ದದ್ದು ಅದೇ ದಿನ.

ಅವತ್ತು ಮಕ್ಕಳಿಗೆ ಹೇಳುತ್ತಿದ್ದುದು ಇಷ್ಟು. ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಸ್ಲೈಫರ್ ಎಂಬವನು ದೂರದ ಸುರುಳಿ ನೀಹಾರಿಕೆಗಳ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದ. ಹೆಚ್ಚಿನವುಗಳ ಬೆಳಕು ಕೆಂಪಿನ ಕಡೆಗೆ ಸರಿದಿತ್ತು. ಹೆದ್ದಾರಿಯಲ್ಲಿ ನಮ್ಮನ್ನು ದಾಟಿ ದೂರ ಹೋಗುವ ಆಂಬುಲೆನ್ಸಿನ ಕೂಗಿನ ಸ್ವರ ತಗ್ಗುತ್ತದಲ್ಲ, ಹಾಗೆಯೇ ದೂರ ಹೋಗುವುದರ ಬೆಳಕು ಕೆಂಪಿಗೆ ಸರಿಯುತ್ತದೆ. ಆದರೆ ಅವು ಎಷ್ಟು ದೂರದಲ್ಲಿವೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಅಳೆಯುವ ದಾರಿ ಸಿಕ್ಕಿದ್ದು ಲೀವಿಟ್ ಎಂಬ ಹೆಂಗಸಿನಿಂದ. ಬೆಳಕು ಏರಿಳಿಯುವ ಒಂದು ಜಾತಿಯ ನಕ್ಷತ್ರಗಳನ್ನು ನೋಡಿ ನೋಡಿ, ನಿಧಾನ ಮಿಡಿಯುವುದೇ ಹೆಚ್ಚು ಪ್ರಕಾಶದ್ದು ಎಂದು ಅವಳು ಕಂಡುಹಿಡಿದಳು. ನಿಜವಾದ ಪ್ರಕಾಶ ತಿಳಿದರೆ, ನಮ್ಮ ಕಣ್ಣಿಗೆ ಎಷ್ಟು ಮಂಕಾಗಿದೆ ಎನ್ನುವುದರಿಂದ ದೂರ ಸಿಗುತ್ತದೆ. ಹಬಲ್ ಎಂಬವನು ಆ ಅಳತೆ ಹಿಡಿದು ನೋಡಿದಾಗ, ದೂರ ಹೆಚ್ಚಿದಷ್ಟೂ ಹೋಗುವ ವೇಗವೂ ಹೆಚ್ಚು ಎಂದು ಕಂಡಿತು. ನಡುವಿನ ಜಾಗವೇ ಹಿಗ್ಗುತ್ತಿತ್ತು. ಅಷ್ಟರಲ್ಲಿ ಲೀವಿಟ್ ಸತ್ತು ಎಷ್ಟೋ ವರ್ಷವಾಗಿತ್ತು.

ಇಷ್ಟು ಹೇಳಿ ಸೀಮೆಸುಣ್ಣ ಕೆಳಗಿಟ್ಟದ್ದು ನೆನಪಿದೆ, ಬಿದ್ದದ್ದು ನೆನಪಿಲ್ಲ. ಹೊನ್ನಾವರದ ದಾರಿಯಲ್ಲಿ ಎಚ್ಚರವಾಯಿತು. ಆಂಬುಲೆನ್ಸಿನ ಒಳಗೆ ಮಲಗಿದವರಿಗೆ ಅದರ ಕೂಗು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಪಾಠದಲ್ಲಿ ಇದನ್ನು ಹೇಳಿರಲಿಲ್ಲವಲ್ಲ ಎನ್ನಿಸಿತು. ಎಂಥ ಹೊತ್ತಿನಲ್ಲಿ ಎಂಥ ಯೋಚನೆ ನೋಡಿ.

ಉಳಿದ ಪಾಠವನ್ನು ನಿಮಗೇ ಹೇಳುತ್ತೇನೆ. ವಿಶ್ವ ನಿಂತಲ್ಲಿ ನಿಲ್ಲುವುದಿಲ್ಲ ಎಂದು ಐನ್‌ಸ್ಟೈನನ ಲೆಕ್ಕವೇ ಮೊದಲು ಹೇಳಿತ್ತು. ಅವನಿಗೆ ಅದು ರುಚಿಸಲಿಲ್ಲ. ಸುಮ್ಮನೆ ನಿಲ್ಲಲಿ ಎಂದು ಸಮೀಕರಣಕ್ಕೆ ತಾನೇ ಒಂದು ಸಂಖ್ಯೆ ಸೇರಿಸಿದ. ಲೆಮೇತ್ರ್ ಎಂಬ ಪಾದ್ರಿ ವಿಶ್ವ ಹಿಗ್ಗುತ್ತಿದೆ ಎಂದು ತೋರಿಸಿದಾಗ, ಲೆಕ್ಕ ಸರಿ, ಭೌತಶಾಸ್ತ್ರ ಅಸಹ್ಯ ಎಂದನಂತೆ. ಕೊನೆಗೆ ಅಳತೆಗಳು ಕಣ್ಣೆದುರು ಬಂದಾಗ ಆ ಸಂಖ್ಯೆಯನ್ನು ಕಿತ್ತುಹಾಕಿದ. ಅಂಥವನೇ ಮಾತು ಹಿಂದಕ್ಕೆ ತೆಗೆದುಕೊಂಡ. ನೀವೇನು ಅವನಿಗಿಂತ ದೊಡ್ಡವರಾ?

ನನ್ನನ್ನು ನೋಡಲು ಬಂದ ಮಂಜಿ ಇನ್ನೊಂದು ಪ್ರಶ್ನೆ ತಂದಿದ್ದಳು. "ಹಂಗಾರೆ ಟೀಚರ್, ಕುಮಟಕ್ಕೆ ಬಸ್ ಚಾರ್ಜೂ ಹೆಚ್ಚಾಗ್ತದ್ಯಾ?" ಇಲ್ಲ ಎಂದೆ. ಗುರುತ್ವ ಕಟ್ಟಿ ಹಿಡಿದದ್ದು ಹಿಗ್ಗುವುದಿಲ್ಲ. ಭೂಮಿ ಹಿಗ್ಗುವುದಿಲ್ಲ, ಅದರ ಮೇಲಿನ ರಸ್ತೆಯೂ ಹಿಗ್ಗುವುದಿಲ್ಲ. ಅವಳು ಹೋದ ಮೇಲೆ ನನಗೆ ಹೊಳೆಯಿತು. ಹಳದೀಪುರಕ್ಕೂ ಜಾಲಿಗೂ ನಡುವೆ ಇಷ್ಟು ದೂರ ಮಾಡಿದ್ದು ಯಾವ ವಿಶ್ವವೂ ಅಲ್ಲ, ನಾವಿಬ್ಬರೇ. ಎರಡು ವರ್ಷದ ಹಿಂದೆ ಮಾತಿಗೆ ಮಾತು ಬೆಳೆದು ನೀವು ಹೋದಿರಿ. ತಪ್ಪು ಯಾರದ್ದು ಎಂದು ಈಗ ಕೆದಕುವುದಿಲ್ಲ. ಕೆದಕಿದರೆ ನಾನೇ ಗೆಲ್ಲುತ್ತೇನೆ, ಗೆದ್ದು ಏನು ಮಾಡಲಿ?

ನನಗೆ ಬೇಕಾದದ್ದು ಒಂದೇ. ನಾನಿಲ್ಲದಾಗ ಅಂಕಿತಾಳನ್ನು ನೀವು ಇಟ್ಟುಕೊಳ್ಳಬೇಕು. ಕತಗಾಲದ ನನ್ನ ಅಣ್ಣ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಒಳ್ಳೆಯವನೇ, ಅತ್ತಿಗೆಯೂ ಕೆಟ್ಟವಳಲ್ಲ. ಆದರೆ ಅಪ್ಪ ಬದುಕಿರುವ ಮಗು ಮಾವನ ಮನೆಯಲ್ಲಿ ಇನ್ನೊಂದು ತುತ್ತು ಅನ್ನ ಕೇಳಲು ಹಿಂಜರಿಯುವುದನ್ನು ನೆನೆಸಿಕೊಂಡರೆ ನನಗೆ ತಡೆಯುವುದಿಲ್ಲ. ಅವಳು ಈಗ ಆರನೇ ಕ್ಲಾಸು. ಬೆಂಡೆಕಾಯಿ ತಿನ್ನುವುದಿಲ್ಲ, ಗುಡುಗಿಗೆ ಹೆದರುತ್ತಾಳೆ, ಹೆದರಿಕೆ ಇಲ್ಲ ಎಂದು ಸುಳ್ಳು ಹೇಳುತ್ತಾಳೆ. ಹಟವೆಲ್ಲ ನಿಮ್ಮದೇ. ನನ್ನ ಮೇಲೆ ಸಿಟ್ಟಿದ್ದರೆ ಇಟ್ಟುಕೊಳ್ಳಿ, ಅವಳ ಎದುರು ಮಾತ್ರ ಬೇಡ.

ನನಗೆ ಹೆದರಿಕೆಯಾಗುತ್ತಿದೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ. ನಾಲ್ಕು ದಿನ ಯೋಚನೆ ಮಾಡಿ ಕುಸುಮಾಳ ಹತ್ತಿರ ಉತ್ತರ ಹೇಳಿ ಕಳಿಸಿದರೂ ಆತು.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ಸುಮತಿ

ತಾ.ಕ.: ಯೋಚನೆ ಮಾಡಿ ಎಂದದ್ದು ಬರೀ ಮರ್ಯಾದೆಯ ಮಾತು. ಅಷ್ಟು ಸಮಯವಿಲ್ಲ. ನಾಳೆ ನನ್ನನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ಯುತ್ತಾರೆ, ವಾಪಸು ಬರುವ ಮಾತನ್ನು ಡಾಕ್ಟರರು ಎತ್ತಲಿಲ್ಲ. ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿಮ್ಮ ಕೈಗೆ ಕೊಟ್ಟು ಈಗ ಎದುರು ನಿಂತಿರುವವಳು ಅಂಕಿತಾ, ಬಸ್ಸಿನಲ್ಲಿ ಕರೆತಂದವಳು ಕುಸುಮಾ. ಓದುವಾಗ ಮುಖ ಸರಿಯಾಗಿಟ್ಟುಕೊಳ್ಳಿ. ಎರಡು ದಿನ ಅಪ್ಪನ ಮನೆಯಲ್ಲಿದ್ದು ಬರುವುದು ಎಂದು ಅವಳು ತಿಳಿದುಕೊಂಡಿದ್ದಾಳೆ. ಚೀಲದಲ್ಲಿ ಅವಳ ಬಟ್ಟೆಯೆಲ್ಲ ಇದೆ. ಬಿಚ್ಚಿದಾಗ ಎರಡು ದಿನಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳುತ್ತಾಳೆ. ಉತ್ತರ ನೀವೇ ಹೇಳಬೇಕು, ನನ್ನಿಂದ ಆಗಲಿಲ್ಲ.